ಸೊನೆಯ ನಂಟು

ಸ್ಕಂದಗಿರಿ ಹತ್ತುವವರು ಕಳವಾರ ದಾಟಿ ಪಾಪಾಗ್ನಿ ಮಠದ ಬಳಿ ಗಾಡಿ ನಿಲ್ಲಿಸುತ್ತಾರೆ. ಅವರಿಗೆ ಬೇಕಾದದ್ದು ಬೆಟ್ಟದ ತುದಿಯ ಮೋಡ. ನನಗೆ ವಾಪಸು ಬರುವಾಗ ಸಿಗುವ ನರ್ಸರಿಗಳು. ಈಚೆಗೆ ಒಂದು ಕಡೆ ‘ಸ್ಟಾರ್ ಆಪಲ್’ ಎಂದು ಚೀಟಿ ಕಟ್ಟಿದ ಸಸಿ ಕಂಡೆ. ‘ಫಾರಿನ್ ಗಿಡ ಸಾರ್, ನಮ್ಮ ಕಡೆ ಇದರ ಕುಲವೇ ಇಲ್ಲ’ ಎಂದ ಮಾರುವಾತ. ಎಲೆ ಮಗುಚಿದೆ. ಮೇಲೆ ಕಡುಹಸಿರು, ಅಡಿಯಲ್ಲಿ ಹೊಂಬಣ್ಣದ ರೇಷ್ಮೆ ಹೊಳಪು. ಕೇಳದೆಯೇ ಒಂದೆಲೆ ಕಿತ್ತೆ, ತಪ್ಪೇ. ತೊಟ್ಟಿನಲ್ಲಿ ಬಿಳಿ ಸೊನೆ ಜಿನುಗಿತು. ಫಾರಿನ್ ಹೌದು. ಕುಲ ಇಲ್ಲ ಅನ್ನುವುದು ಸುಳ್ಳು.

ಕೆರಿಬಿಯನ್ ದ್ವೀಪಗಳ ಕಡೆಯ ಈ ಮರಕ್ಕೆ 1753ರಲ್ಲಿ ಲಿನೇಯಸ್ ಇಟ್ಟ ಹೆಸರು ಕ್ರೈಸೊಫಿಲಮ್ ಕೈನಿಟೊ. ಮೊದಲ ಪದಕ್ಕೆ ಗ್ರೀಕಿನಲ್ಲಿ ಚಿನ್ನದೆಲೆ ಎಂದರ್ಥ. ಹಣ್ಣನ್ನು ಅಡ್ಡಡ್ಡ ಕೊಯ್ದರೆ ನಡುವೆ ನಕ್ಷತ್ರ. ಹುಳಿಹುಳಿಯಾದ ಕಮರಾಕ್ಷಿಯೇ ಬೇರೆ, ಇದೇ ಬೇರೆ. ಸಿಪ್ಪೆಯಲ್ಲಿ ಸೊನೆ ಇರುವುದರಿಂದ ಕಚ್ಚಿ ತಿಂದರೆ ತುಟಿ ಅಂಟುತ್ತದೆ, ತಿರುಳನ್ನು ಚಮಚದಲ್ಲಿ ತೋಡಿ ತಿನ್ನಬೇಕು. ವಿಯೆಟ್ನಾಮಿನವರು ಇದನ್ನು ಎದೆಹಾಲು ಎನ್ನುತ್ತಾರೆ.

ಈ ಹಾಲೇ ಕುಲದ ಗುರುತು. ಕಾಯಿ ಸಪೋಟ ಕಚ್ಚಿ ಬಾಯಿ ಮೆತ್ತಿಸಿಕೊಂಡವರಿಗೆ ಬೇರೆ ಪುರಾವೆ ಬೇಡ. ಮೆಕ್ಸಿಕೊ ಸೀಮೆಯ ಆ ಮರದ ಸೊನೆಯೇ ಒಂದು ಕಾಲಕ್ಕೆ ಚೂಯಿಂಗ್ ಗಮ್ ಆಗಿ ಜಗತ್ತಿನ ದವಡೆ ಆಡಿಸಿತು. ಮಲೆನಾಡಿನ ಕಾಡಿನಲ್ಲಿ ಸ್ಟಾರ್ ಆಪಲ್‌ನ ಒಡಹುಟ್ಟೇ ಇದೆ, ಅಲ್ಲಿನವರ ಬಾಯಲ್ಲಿ ಅದು ಹಾಲೆ. (ಕರಾವಳಿಯಲ್ಲಿ ಆಟಿ ಅಮಾವಾಸ್ಯೆಗೆ ಕಷಾಯ ಮಾಡುವ ಹಾಲೆ ಇದಲ್ಲ. ಅದಕ್ಕೂ ಹಾಲಿದೆ, ಮನೆತನ ಬೇರೆ.) ಒಣಗಿದರೂ ಕಂಪು ಬಿಡದ ಬಕುಳವೂ ಇದೇ ಬಳಗ, ಅದರ ಕಿತ್ತಳೆ ಬಣ್ಣದ ಹಣ್ಣು ಮಾತ್ರ ಬರೀ ಒಗರು.

ಬಯಲುಸೀಮೆಯ ನಮಗೆ ಹತ್ತಿರದ ದಾಯಾದಿ ಇಪ್ಪೆ. ಶಿಡ್ಲಘಟ್ಟ, ಚಿಂತಾಮಣಿ ಕಡೆ ತೆಲುಗು ಮನೆಮಾತಿನವರಿಗೆ ಇಪ್ಪ. ಮಾಗಿ ಮುಗಿಯುತ್ತಲೇ ಎಲೆ ಉದುರಿಸಿ, ಬೇಸಿಗೆಗೆ ತಾಮ್ರದ ಚಿಗುರು ತೊಡುತ್ತದೆ. ರಾತ್ರಿಯೆಲ್ಲ ಬಾವಲಿಗಳ ಗದ್ದಲ. ಬೆಳಗಾದರೆ ಮರದಡಿ ದ್ರಾಕ್ಷಿಯಂತೆ ಉಬ್ಬಿದ ಕೆನೆಬಣ್ಣದ ಹೂಗಳು. ಬಾಯಿಗೆ ಹಾಕಿಕೊಂಡರೆ ಬೆಲ್ಲ. ಬೀಜದ ಎಣ್ಣೆ ದೇವರ ದೀಪಕ್ಕೆ, ಹಿಂಡಿ ತಲೆ ತೊಳೆಯಲು. ಹಿಂಡಿಯನ್ನು ಮಡುವಿಗೆ ಕದಡಿ ಮೀನಿಗೆ ಮತ್ತು ಬರಿಸುವುದೂ ಇತ್ತು. ಇಷ್ಟು ದುಡಿದ ಮರಕ್ಕೆ ನರ್ಸರಿಯಲ್ಲಿ ಒಂದು ಚೀಟಿಯೂ ಇಲ್ಲ. ಕೇಳಿದ್ದಕ್ಕೆ ಮಾರುವಾತ ನಕ್ಕ: ‘ಇಪ್ಪೆಗೆ ಯಾರ್ ಸಾರ್ ದುಡ್ಡು ಕೊಡ್ತಾರೆ?’

ಅವನ ಸಪೋಟ ಸಸಿಗಳ ಬುಡದಲ್ಲಿ ಕಸಿಯ ಗಂಟಿತ್ತು. ಸಪೋಟವನ್ನು ಸಾಮಾನ್ಯವಾಗಿ ಕಸಿ ಕಟ್ಟುವುದು ಕಿರ್ನಿ ಎಂಬ ದೇಸಿ ನಂಟನ ಬೇರಿನ ಮೇಲೆ. ಮೇಲೆ ಮೆಕ್ಸಿಕೊ, ಕೆಳಗೆ ನಮ್ಮ ಒಣಕಾಡು. ಹೆಸರೆಲ್ಲ ಮೇಲಿನವನಿಗೆ.

ಸ್ಟಾರ್ ಆಪಲ್ ಬೇಡವೆನ್ನಲಾರೆ; ನಾನೂ ಒಂದು ತಂದೆ. ಜಾಗವಿದ್ದವರು ಪಕ್ಕದಲ್ಲೊಂದು ಇಪ್ಪೆಗೂ ಗುಂಡಿ ತೋಡಿ. ಅದರ ಬೀಜ ಕೂಡಿಟ್ಟರೆ ಬಹುದಿನ ಉಳಿಯುವುದಿಲ್ಲ. ಮುಂಗಾರಿನಲ್ಲಿ ಹಣ್ಣು ಉದುರಿದಾಗಲೇ ಆಯ್ದು ಊರಬೇಕು.