ಆನಂದಪುರಕ್ಕೆ ವೀಸಾ ಬೇಕಂತೆ!

ನಮ್ಮ ಆಯನೂರಲ್ಲಿ ಸಾಗರದ ಬಸ್ ಹತ್ತಿದ್ರೆ ಕುಂಸಿ ದಾಟಿ ಆನಂದಪುರ ಸಿಗುತ್ತೆ. ಶಿವಮೊಗ್ಗದ ಕಡೆ ಹೋದ್ರೆ ತ್ಯಾವರೆಕೊಪ್ಪದಲ್ಲಿ ಹುಲಿ ಸಿಗುತ್ತೆ. ಡಿಸ್ನಿಯವರು ಫ್ಲೋರಿಡಾದ ಅನಿಮಲ್ ಕಿಂಗ್‌ಡಮ್ ಪಾರ್ಕಿನೊಳಗೆ ಒಂದು ಕಾಲ್ಪನಿಕ ಊರು ಕಟ್ಟಿದ್ದಾರೆ. ಪಾಳು ಅರಮನೆ, ಬಣ್ಣ ಮಾಸಿದ ಗೋಡೆ, ಹುಲಿ ಎಲ್ಲಾ ಇದೆ. ಊರಿನ ಹೆಸರು ಆನಂದಪುರ! ಕಾಕತಾಳೀಯವೇ ಇರಲಿ, ಹೊಟ್ಟೆ ಉರಿಯದೇ ಇರುತ್ತಾ?

ಹಿಂದಿ ಅರ್ಥವಾಗದಿದ್ರೂ ಭಾನುವಾರ ದೂರದರ್ಶನದಲ್ಲಿ ಡಕ್‌ಟೇಲ್ಸ್ ನೋಡಿ ಬೆಳೆದ ಅಭಿಮಾನಿ ನಾನು. ಸಿನಿಮಾ ಟಿಕೆಟ್, ಮಗಳ ಸ್ಕೂಲ್ ಬ್ಯಾಗು, ಆಪ್ ಚಂದಾ, ಎಲ್ಲಕ್ಕೂ ದುಡ್ಡು ಕೊಟ್ಟಿದ್ದೇನೆ. ಕಂಪನಿಗೆ ನಮ್ಮ ಜೇಬು ಬೇಕು. 1967ರ 'ಜಂಗಲ್ ಬುಕ್' ಸಿನಿಮಾಕ್ಕೆ ನಮ್ಮ ಕಾಡೂ ಬೇಕಿತ್ತು. ಪಾರ್ಕ್ ಮಾತ್ರ ಟೋಕಿಯೊಗೆ 1983ರಲ್ಲಿ, ಪ್ಯಾರಿಸ್‌ಗೆ 1992ರಲ್ಲಿ, ಹಾಂಗ್‌ಕಾಂಗ್‌ಗೆ 2005ರಲ್ಲಿ, ಶಾಂಘೈಗೆ 2016ರಲ್ಲಿ. 2025ರಲ್ಲಿ ಹೊಸದು ಘೋಷಿಸಿದ್ರು, ಅದೂ ಅಬುಧಾಬಿಗೆ!

'ಇಲ್ಲಿ ಸೆಕೆ ಜಾಸ್ತಿ ಮಾರಾಯ' ಅಂತಾನೆ ಆಫೀಸಿನ ಗೆಳೆಯ. ಅಬುಧಾಬಿ ಏನು ಊಟಿಯಾ? 'ಟಿಕೆಟ್‌ಗೆ ದುಡ್ಡು ಕೊಡೋರು ಯಾರು?' ಅಂತಾನೆ. ಬಿಡದಿಯ ವಂಡರ್‌ಲಾ 2005ರಿಂದ ಯಾರ ದುಡ್ಡಲ್ಲಿ ನಡೀತಿದೆ?

ಮಗಳು ದಿನಾ ಕೇಳ್ತಾಳೆ, 'ಅಪ್ಪಾ, ಯಾವಾಗ ಹೋಗೋದು?' ಅಮೆರಿಕದ ಪ್ರವಾಸಿ ವೀಸಾ ಅರ್ಜಿಗೇ ತಲೆಗೆ 185 ಡಾಲರ್. ವೀಸಾ ಸಿಗದಿದ್ರೆ ಅದೂ ವಾಪಸ್ ಬರಲ್ಲ. ನಕಲಿ ಆನಂದಪುರ ನೋಡೋಕೆ ಇಷ್ಟೆಲ್ಲಾ! ಅಸಲಿಗೆ ಬಸ್ ಚಾರ್ಜ್ ಸಾಕು.

ಪಾರ್ಕಿಗೆ ಬಂದವರನ್ನೆಲ್ಲ 'ಗೆಸ್ಟ್' ಅಂತ ಕರೆಯೋ ಕಂಪನಿ ಅದು. ನಮ್ಮ ಕಡೆ ಮದುವೆಗೆ ಕರೀದೆ ಮುಯ್ಯಿ ವಸೂಲಿ ಮಾಡಲ್ಲ ಸ್ವಾಮಿ.