ಹಾಲು ಕುಡಿದ ಮೇಲೂ ಅಳುವ ಮಗು: ತಾಯಿಯ ಹಾಲನ್ನು ದೂರಬೇಡಿ

ಮಗು ಹೊಟ್ಟೆತುಂಬ ಹಾಲು ಕುಡಿದಿದೆ. ಇನ್ನೇನು ಮಲಗಿತು ಎನ್ನುವಷ್ಟರಲ್ಲಿ ಕಾಲು ಮಡಚಿಕೊಂಡು, ಮುಖ ಕೆಂಪಗೆ ಮಾಡಿಕೊಂಡು ಚೀರತೊಡಗುತ್ತದೆ. ಮನೆಯಲ್ಲಿ ಮೊದಲು ಕೇಳಿಬರುವ ಮಾತು, "ಹಾಲು ಸಾಲುತ್ತಿಲ್ಲ." ಎರಡನೆಯದು, "ನೀನು ಏನು ತಿಂದೆ?" ಎರಡೂ ಬಾಣಂತಿಯ ಮೇಲೆಯೇ ಬೀಳುತ್ತವೆ. ಮರುದಿನ ಮನೆಗೆ ಡಬ್ಬದ ಹಾಲು ಬರುತ್ತದೆ, ಇಲ್ಲವೇ ಗ್ರೈಪ್ ವಾಟರ್. ಕೆಲವರು ಘುಟ್ಟಿ ಕೇಳಿಕೊಂಡು ನಮ್ಮಂತಹ ಹಕೀಮರ ಬಳಿ ಬರುತ್ತಾರೆ. ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ: ಚೆನ್ನಾಗಿ ಬೆಳೆಯುತ್ತಿರುವ ಎಳೆಗೂಸಿನ ಇಂತಹ ಅಳುವಿಗೆ ಬಾಯಿಗೆ ಹಾಕುವ ಔಷಧಿ ಬೇಕಿಲ್ಲ, ಯುನಾನಿಯದೂ ಬೇಡ.

ಹಾಲು ಸಾಲುತ್ತಿದೆಯೇ ಎಂಬುದನ್ನು ಅಳುವಿನಿಂದ ಅಳೆಯಬೇಡಿ. ಹುಟ್ಟಿದ ಐದು ದಿನಗಳ ನಂತರ ಮಗು ದಿನಕ್ಕೆ ಆರು ಬಾರಿಯಾದರೂ ಮೂತ್ರ ಮಾಡುತ್ತಿದೆಯೇ ನೋಡಿ. ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಿ, ಅಲ್ಲಿಂದ ಮುಂದೆ ತೂಕ ಏರುತ್ತಿದೆಯೇ ನೋಡಿ. ಇವೆರಡೂ ಸರಿಯಿದ್ದರೆ ತಾಯಿಯ ಹಾಲು ಸಾಲುತ್ತಿದೆ. ಸುಮ್ಮನೆ ಡಬ್ಬದ ಹಾಲು ಸೇರಿಸಿದರೆ ಮಗು ಎದೆ ಚೀಪುವುದು ಕಡಿಮೆಯಾಗುತ್ತದೆ, ಚೀಪುವುದು ಕಡಿಮೆಯಾದಂತೆ ಹಾಲೂ ಕಡಿಮೆಯಾಗುತ್ತದೆ. ಆಮೇಲೆ "ನೋಡು, ನಾನು ಹೇಳಲಿಲ್ಲವೇ" ಎನ್ನುವವರಿಗೆ ಕೊರತೆ ಇರುವುದಿಲ್ಲ.

ಹಾಗಾದರೆ ಅಳುವುದೇಕೆ? ಹಾಲಿನೊಂದಿಗೆ ನುಂಗಿದ ಗಾಳಿಯಿಂದ ಇರಬಹುದು. ಮಗು ತೊಟ್ಟನ್ನು ಮಾತ್ರ ಕಚ್ಚಿಕೊಂಡರೆ ಗಾಳಿ ಒಳಹೋಗುತ್ತದೆ. ಸುತ್ತಲಿನ ಕಪ್ಪು ಭಾಗವೂ ಬಹುಪಾಲು ಬಾಯೊಳಗಿರಬೇಕು, ಗಲ್ಲ ಎದೆಗೆ ತಾಗಿರಬೇಕು. ಕೆಲವು ತಾಯಂದಿರಿಗೆ ಹಾಲು ರಭಸವಾಗಿ ಬರುತ್ತದೆ, ಮಗು ಗಟಗಟನೆ ಕುಡಿಯುತ್ತದೆ. ಅಂಥವರು ಸ್ವಲ್ಪ ಹಿಂದಕ್ಕೆ ಒರಗಿ ಕುಡಿಸಬೇಕು. ಇನ್ನೊಂದು ತಪ್ಪು, ಐದು ನಿಮಿಷಕ್ಕೊಮ್ಮೆ ಎದೆ ಬದಲಿಸುವುದು. ಮೊದಲು ಬರುವ ಹಾಲು ತೆಳು, ಕೊನೆಯಲ್ಲಿ ಬರುವುದು ಕೊಬ್ಬಿರುವ ಹಾಲು. ತೆಳುಹಾಲನ್ನೇ ಎರಡೂ ಕಡೆಯಿಂದ ಕುಡಿದ ಮಗುವಿಗೆ ಗ್ಯಾಸ್ ಆಗಬಹುದು, ಮಲ ಹಸಿರಾಗಿ ನೊರೆನೊರೆಯಾಗಬಹುದು. ಒಂದು ಕಡೆ ಮುಗಿಸಲಿ, ಆಮೇಲೆ ಇನ್ನೊಂದು ಕಡೆ ಕೊಡಿ.

ಕುಡಿಸಿದ ತಕ್ಷಣ ಮಲಗಿಸಬೇಡಿ. ಹೆಗಲ ಮೇಲೆ ನೆಟ್ಟಗೆ ಎತ್ತಿಕೊಂಡು, ತಲೆ ಕತ್ತಿಗೆ ಆಸರೆ ಕೊಟ್ಟು, ಬೆನ್ನನ್ನು ಮೆಲ್ಲಗೆ ತಟ್ಟಿ ತೇಗಿಸಿ. ತೇಗು ಬರಲಿಲ್ಲವೆಂದು ಜೋರಾಗಿ ಬಡಿಯುವುದು ಬೇಡ. ಹದಿನೈದು ಇಪ್ಪತ್ತು ನಿಮಿಷ ಹಾಗೆಯೇ ಎತ್ತಿಕೊಂಡರೆ ಸಾಕು. ತೇಗಿನೊಂದಿಗೆ ಒಂದು ಗುಟುಕು ಹಾಲು ಕಕ್ಕಿದರೆ ಗಾಬರಿಯಾಗಬೇಡಿ. ಇನ್ನೂ ಅಳುತ್ತಿದ್ದರೆ ಮುಂಗೈ ಮೇಲೆ ಬೋರಲಾಗಿ ಮಲಗಿಸಿಕೊಂಡು ಓಡಾಡಿ. ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತವೇ ಮಲಗಿಸಬೇಕು.

ಎಲ್ಲ ಮಾಡಿದರೂ ಮಗ್ರಿಬ್‌ನಿಂದ ಶುರುವಾಗಿ ಇಶಾ ದಾಟಿದರೂ ನಿಲ್ಲದ ಅಳು ಕೆಲವು ಮಕ್ಕಳಲ್ಲಿದೆ. "ದೃಷ್ಟಿಯಾಗಿದೆ" ಎನ್ನುತ್ತಾರೆ. ಫಲಕ್, ನಾಸ್ ಸೂರಾಗಳನ್ನು ಓದಿ ಊದಿ, ಖಂಡಿತ ಊದಿ. ಆದರೆ ಕೊರಳಿಗೆ ದಾರ ಕಟ್ಟಬೇಡಿ, ಉರುಳಾದೀತು. ಈ ಅಳು ಎರಡು ಮೂರನೇ ವಾರದಲ್ಲಿ ಆರಂಭವಾಗಿ, ಆರನೇ ವಾರದ ಸುಮಾರಿಗೆ ಹೆಚ್ಚಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಆ ಹೊತ್ತಿಗೆ ಕೊಡುತ್ತಿದ್ದ ಔಷಧಿಗೆ ಹೆಸರು ಬರುತ್ತದೆ, ಅಷ್ಟೇ.

ಗ್ರೈಪ್ ವಾಟರ್ ಹುಟ್ಟಿದ್ದು 1851ರಲ್ಲಿ, ಇಂಗ್ಲೆಂಡಿನಲ್ಲಿ. ಅದರ ಮೂಲ ಪಾಕದಲ್ಲಿ ಮದ್ಯಸಾರವಿತ್ತು, ಸಕ್ಕರೆಯೂ ಇತ್ತು. ಅಳು ನಿಂತದ್ದರಲ್ಲಿ ಆಶ್ಚರ್ಯವೇನು! ಮದ್ಯಸಾರವಿಲ್ಲದ ಬಾಟಲಿಗಳೂ ಈಗ ಸಿಗುತ್ತವೆ, ಆದರೂ ಆರು ತಿಂಗಳವರೆಗೆ ತಾಯಿಯ ಹಾಲಲ್ಲದೆ ನೀರೂ ಬೇಡ ಎಂದ ಮೇಲೆ ಇದೇಕೆ? ಬಜೆ ತೇಯ್ದು ನೆಕ್ಕಿಸುವುದು, ಓಮದ ನೀರು, ಘುಟ್ಟಿ, ಎಲ್ಲಕ್ಕೂ ಇದೇ ಮಾತು.

ಜೇನಿನ ಬಗ್ಗೆ ಒತ್ತಿ ಹೇಳಬೇಕು. ಜೇನು ಶಿಫಾ ಎಂದು ಕುರ್‌ಆನ್ ಹೇಳಿದೆ, ನಾನೂ ದೊಡ್ಡವರಿಗೆ ಜೇನಿನಲ್ಲೇ ಮದ್ದು ಕೊಡುತ್ತೇನೆ. ಆದರೆ ಒಂದು ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಜೇನಿನಲ್ಲಿರಬಹುದಾದ ಬೊಟುಲಿಸಮ್ ರೋಗಾಣು ಬೆಳೆದು, ಸ್ನಾಯುಗಳನ್ನು, ಉಸಿರಾಟವನ್ನು ಸೋಲಿಸಬಲ್ಲದು. ಎಳೆಮಕ್ಕಳಲ್ಲಿ ಈ ಕಾಯಿಲೆಯನ್ನು ಗುರುತಿಸಿದ್ದು 1976ರಲ್ಲಿ. ಹಿಂದಿನ ಹಕೀಮರಿಗೆ ಇದು ತಿಳಿದಿರಲು ಸಾಧ್ಯವಿರಲಿಲ್ಲ. ತಹ್ನೀಕ್‌ಗೆ ಪ್ರವಾದಿ(ಸ)ರು ಬಳಸಿದ್ದು ಖರ್ಜೂರ. ಶುಚಿಯಾದ ಬೆರಳಿನಿಂದ ಅದರ ರಸವನ್ನು ಒಮ್ಮೆ ಅಂಗುಳಿಗೆ ಸವರಿದರೆ ಸುನ್ನತ್ ಆಯಿತು.

ಯುನಾನಿಯೇ ಬೇಕೆನ್ನುವವರಿಗೆ ಇಬ್ನ್ ಸೀನಾ ಇದ್ದಾರೆ. 'ಅಲ್-ಖಾನೂನ್' ಗ್ರಂಥದಲ್ಲಿ ಅವರು ಶಿಶುವಿಗೆ ತಾಯಿಯ ಹಾಲನ್ನೇ ಶ್ರೇಷ್ಠ ಎಂದು, ಜೊತೆಗೆ ಮೆಲ್ಲಗೆ ತೂಗುವುದನ್ನೂ ಜೋಗುಳವನ್ನೂ ಸೂಚಿಸಿದ್ದಾರೆ. ಸಾವಿರ ವರ್ಷ ಹಳೆಯ ಈ ಚಿಕಿತ್ಸೆಗೆ ಖರ್ಚಿಲ್ಲ.

ತೂಗುವವರು ತಾಯಿಯೇ ಆಗಬೇಕಿಲ್ಲ. ಸೂರಾ ಬಕರದ 233ನೇ ಆಯತ್ ಎರಡು ವರ್ಷದ ಹಾಲೂಡಿಕೆಯನ್ನು ಹೇಳುವಾಗಲೇ ತಾಯಿಯ ಅನ್ನ ಬಟ್ಟೆಯ ಹೊಣೆಯನ್ನು ತಂದೆಯ ಮೇಲೆ ಹೊರಿಸಿದೆ. ಇಶಾ ಮುಗಿಸಿ ಬಂದ ತಂದೆ ಮೊಬೈಲ್ ಬದಿಗಿಟ್ಟು ಮಗುವನ್ನು ಹೆಗಲಿಗೆ ಹಾಕಿಕೊಂಡರೆ ಬಾಣಂತಿ ಒಂದು ಗಂಟೆ ಕಣ್ಣು ಮುಚ್ಚಬಹುದು. ಸಿಟ್ಟು ನೆತ್ತಿಗೇರಿದರೆ ಮಗುವನ್ನು ಸುರಕ್ಷಿತ ಜಾಗದಲ್ಲಿ ಮಲಗಿಸಿ ಐದು ನಿಮಿಷ ಹೊರಗೆ ಹೋಗಿ. ಎಂದಿಗೂ ಕುಲುಕಬೇಡಿ, ಮೆದುಳಿನಲ್ಲಿ ರಕ್ತಸ್ರಾವವಾಗುತ್ತದೆ.

ಹಸಿರು ವಾಂತಿ, ಪ್ರತಿ ಸಲ ಕುಡಿದಾಗಲೂ ದೂರಕ್ಕೆ ಚಿಮ್ಮುವ ವಾಂತಿ, ಮಲದಲ್ಲಿ ರಕ್ತ, ಉಬ್ಬಿ ಗಟ್ಟಿಯಾದ ಹೊಟ್ಟೆ, ಹಾಲು ಬೇಡವೆನ್ನುವುದು, ಮೂತ್ರ ಕಡಿಮೆಯಾಗುವುದು, ಮೈ ಸೋತು ಜೋತುಬೀಳುವುದು, ಮೂರು ತಿಂಗಳೊಳಗಿನ ಮಗುವಿಗೆ ಜ್ವರ. ಇವುಗಳಲ್ಲಿ ಒಂದಿದ್ದರೂ ನನ್ನ ಬಳಿಗೂ ಬರಬೇಡಿ. ನೇರವಾಗಿ ಮಕ್ಕಳ ತಜ್ಞರಿರುವ ಆಸ್ಪತ್ರೆಗೆ ಹೋಗಿ. ರಾತ್ರಿಯಾಗಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ.