ಲಡಾಖ್: ನೀರು ಕಾಯುವವರ ಮಾತನ್ನೂ ಕೇಳಿ

ಲಡಾಖಿನಲ್ಲಿ ವರ್ಷವಿಡೀ ಬೀಳುವ ಮಳೆ ಮತ್ತು ಹಿಮ ಎರಡನ್ನೂ ಕೂಡಿಸಿದರೆ ಸುಮಾರು 100 ಮಿಲಿಮೀಟರ್. ನಮ್ಮ ಕರಾವಳಿಯಲ್ಲಿ ಮುಂಗಾರಿನ ಒಂದೇ ದಿನ ಅಷ್ಟು ಮಳೆ ಸುರಿಯುವುದುಂಟು. ಆದರೂ ಆ ಶೀತ ಮರುಭೂಮಿಯಲ್ಲಿ ಜನರು ಶತಮಾನಗಳಿಂದ ಬಾರ್ಲಿ ಬೆಳೆದು ಬದುಕಿದ್ದಾರೆ. ಬೆಟ್ಟದ ನೆತ್ತಿಯಿಂದ ಕರಗಿ ಬರುವ ಹಿಮದ ನೀರನ್ನು ಅವರು ಕಾಲುವೆಗಳ ಮೂಲಕ ಹೊಲಕ್ಕೆ ತರುತ್ತಾರೆ. ರಾತ್ರಿ ಹರಿದು ಬಂದ ನೀರನ್ನು 'ಝಿಂಗ್' ಎಂಬ ಪುಟ್ಟ ಕೆರೆಗಳಲ್ಲಿ ಹಿಡಿದಿಟ್ಟು ಹಗಲಿನಲ್ಲಿ ಬಳಸುತ್ತಾರೆ. ಯಾರ ಹೊಲಕ್ಕೆ ಯಾವಾಗ ಎಷ್ಟು ನೀರೆಂದು ತೀರ್ಮಾನಿಸುವವನು 'ಚುರ್ಪೋನ್'. ಅವನು ಸರಕಾರ ಕಳುಹಿಸಿದ ಅಧಿಕಾರಿಯಲ್ಲ. ಹಳ್ಳಿಗರೇ ಆರಿಸುವ ಅಥವಾ ಸರದಿಯಂತೆ ನೇಮಿಸುವ ವ್ಯಕ್ತಿ.

ಇಂದು ಹಿಮನದಿಗಳು ಹಿಂದೆ ಸರಿಯುತ್ತಿವೆ. ಬಿತ್ತನೆಯ ಕಾಲವಾದ ಏಪ್ರಿಲ್-ಮೇ ತಿಂಗಳಲ್ಲಿ ನೀರಿಲ್ಲ. ಎತ್ತರದ ಹಿಮ ಕರಗುವ ಹೊತ್ತಿಗೆ ಬಿತ್ತನೆಯ ಕಾಲ ಮೀರಿರುತ್ತದೆ. ಇದಕ್ಕೆ ಪರಿಹಾರವೂ ಆ ಮಣ್ಣಿನಿಂದಲೇ ಹುಟ್ಟಿತು. ಲಡಾಖಿನ ಇಂಜಿನಿಯರ್ ಚೆವಾಂಗ್ ನೋರ್ಫೆಲ್ 1987ರಲ್ಲಿ ಮೊದಲ ಕೃತಕ ಹಿಮನದಿಯನ್ನು ನಿರ್ಮಿಸಿದರು. ಚಳಿಗಾಲದಲ್ಲಿ ವ್ಯರ್ಥವಾಗಿ ಹರಿದು ಹೋಗುವ ತೊರೆಯನ್ನು ಹಳ್ಳಿಯ ಸಮೀಪದ ನೆರಳಿನ ಕಣಿವೆಗೆ ತಿರುಗಿಸಿ, ಕಲ್ಲಿನ ತಡೆಗೋಡೆಗಳಿಂದ ಅದರ ವೇಗ ತಗ್ಗಿಸಿದರೆ ನೀರು ಪದರ ಪದರವಾಗಿ ಹೆಪ್ಪುಗಟ್ಟುತ್ತದೆ. ಕಡಿಮೆ ಎತ್ತರದಲ್ಲಿರುವುದರಿಂದ ಅದು ಬಿತ್ತನೆಯ ವೇಳೆಗೇ ಕರಗುತ್ತದೆ. 2015ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಸೋನಮ್ ವಾಂಗ್ಚುಕ್ ಅವರ 'ಐಸ್ ಸ್ತೂಪ'ದ ಗುರಿಯೂ ಇದೇ: ಚಳಿಗಾಲದ ನೀರನ್ನು ವಸಂತಕ್ಕೆ ಕೂಡಿಡುವುದು.

ಈ ಉಪಾಯಗಳು ನೈಜ ಹಿಮನದಿಗಳಿಗೆ ಬದಲಿಯಾಗಲಾರವು ಎಂಬುದು ನಿಜ. ಪ್ರತಿ ವರ್ಷವೂ ಕಾಲುವೆ ತೋಡುವ, ಗೋಡೆ ಕಟ್ಟುವ ಕೈಗಳು ಬೇಕು. ಯುವಕರು ಪ್ರವಾಸೋದ್ಯಮದತ್ತ ಹೊರಳಿದ್ದಾರೆ. ಲೇಹ್ ಪಟ್ಟಣದಲ್ಲಿ ಹೋಟೆಲುಗಳ ಕೊಳವೆ ಬಾವಿಗಳು ನೆಲದಡಿಯ ನೀರನ್ನು ಹೀರುತ್ತಿವೆ. ಆದ್ದರಿಂದಲೇ ನೆಲ-ಜಲದ ಬಗ್ಗೆ ನಿರ್ಧರಿಸುವವರು ಯಾರು ಎಂಬ ಪ್ರಶ್ನೆ ಮುಖ್ಯವಾಗುತ್ತದೆ.

2019ರ ಅಕ್ಟೋಬರ್ 31ರಂದು ಲಡಾಖ್ ವಿಧಾನಸಭೆಯಿಲ್ಲದ ಕೇಂದ್ರಾಡಳಿತ ಪ್ರದೇಶವಾಯಿತು. ಆ ಬಳಿಕ ರಾಜ್ಯ ಸ್ಥಾನಮಾನ ಮತ್ತು ಸಂವಿಧಾನದ 6ನೇ ಅನುಸೂಚಿಯ ರಕ್ಷಣೆಗಾಗಿ ಬೌದ್ಧರು ಹೆಚ್ಚಿರುವ ಲೇಹ್ ಮತ್ತು ಮುಸ್ಲಿಮರು ಹೆಚ್ಚಿರುವ ಕಾರ್ಗಿಲ್ ಹಳೆಯ ಮುನಿಸು ಬದಿಗಿಟ್ಟು ಒಂದಾದವು. ಧರ್ಮದ ಹೆಸರಲ್ಲಿ ಜನರನ್ನು ಒಡೆಯುವ ಈ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಆದರೆ ಅವರಿಗೆ ಸಿಕ್ಕಿದ್ದೇನು? 2025ರ ಸೆಪ್ಟೆಂಬರ್ 24ರಂದು ಲೇಹ್‌ನಲ್ಲಿ ಪ್ರತಿಭಟನೆ ಹಿಂಸೆಗೆ ತಿರುಗಿ ನಾಲ್ವರು ಪ್ರಾಣ ಕಳೆದುಕೊಂಡರು. ಎರಡು ದಿನಗಳ ಬಳಿಕ ವಾಂಗ್ಚುಕ್‌ರನ್ನು ರಾಷ್ಟ್ರೀಯ ಭದ್ರತಾ ಕಾಯ್ದೆಯಡಿ ಬಂಧಿಸಲಾಯಿತು. ಹಿಂಸೆಯನ್ನು ಯಾರೂ ಸಮರ್ಥಿಸಲಾಗದು. ಆದರೆ ವರ್ಷಗಳ ಕಾಲ ಉಪವಾಸ ಮತ್ತು ಪಾದಯಾತ್ರೆಯ ಮೂಲಕ ಕೇಳಿದ ಪ್ರಶ್ನೆಗೆ ಬಂಧನ ಉತ್ತರವಾಗದು.

ಹವಾಮಾನ ಬದಲಾವಣೆಯ ಕುರಿತು ಅಂತಾರಾಷ್ಟ್ರೀಯ ಸಮ್ಮೇಳನಗಳಲ್ಲಿ ಸಾಂಪ್ರದಾಯಿಕ ಜ್ಞಾನವನ್ನು ಹೊಗಳುವುದು ಸುಲಭ. ಆ ಜ್ಞಾನ ಪುಸ್ತಕದಲ್ಲಿಲ್ಲ. ಕೂಡಿ ಕುಳಿತು ನೀರು ಹಂಚಿಕೊಳ್ಳುವ ಜನರ ಹಕ್ಕಿನಲ್ಲಿದೆ. ಆ ಹಕ್ಕನ್ನು ಕಾನೂನಿನ ಮೂಲಕ ಭದ್ರಪಡಿಸದೆ ಹಿಮಾಲಯವನ್ನು ಉಳಿಸುವ ಮಾತು ಪೊಳ್ಳು ಎಂದೇ ನಾವು ಭಾವಿಸುತ್ತೇವೆ. ಲಡಾಖಿನ ಜನರ ಬೇಡಿಕೆಯನ್ನು ಸರಕಾರವು ಭದ್ರತೆಯ ಕಣ್ಣಿನಿಂದ ನೋಡುವುದನ್ನು ಬಿಟ್ಟು ನ್ಯಾಯದ ಕಣ್ಣಿನಿಂದ ನೋಡಲಿ.